ಬಾನೆಟ್ ಒಳಗಿನ ಕಿರ್ ಸದ್ದು: ಬೆಲ್ಟ್ ಬದಲಿಸುವ ಮೊದಲು ಮೂಲ ಹಿಡಿಯುವ ಬಗೆ

ಬೆಳಿಗ್ಗೆ ಗಾಡಿ ಚಾಲೂ ಮಾಡಿದ ಕೂಡಲೇ ಬಾನೆಟ್ ಒಳಗಿಂದ ಕಿರ್ ಎಂದು ಸದ್ದು ಬಂದರೆ ಗ್ಯಾರೇಜಿನಲ್ಲಿ ಮೊದಲು ಕೇಳುವ ಮಾತು, "ಬೆಲ್ಟ್ ಹೋಗೇತ್ರಿ, ಹೊಸಾದ್ ಹಾಕೂಣು." ಹೊಸ ಬೆಲ್ಟ್ ಹಾಕುತ್ತಾರೆ, ಸದ್ದು ನಿಲ್ಲುತ್ತದೆ, ಕೆಲವು ವಾರ ಕಳೆದ ಮೇಲೆ ಮತ್ತೆ ಅದೇ ಕಿರ್. ಬ್ಯಾಟರಿ ತುಂಬುವ ಆಲ್ಟರ್ನೇಟರ್, ವಾಟರ್ ಪಂಪ್, ಎಸಿ ಕಂಪ್ರೆಸರ್‌ಗಳನ್ನು ಎಂಜಿನ್ ಬಲದಿಂದ ತಿರುಗಿಸುವ ರಬ್ಬರ್ ಪಟ್ಟಿಯೇ ಈ ಬೆಲ್ಟ್. ಕೂಗುವುದು ಬೆಲ್ಟ್ ನಿಜ, ಆದರೆ ಅದನ್ನು ಕೂಗಿಸುವುದು ಬಹಳ ಸಲ ಬೇರೆ ಭಾಗ: ಬೆಲ್ಟನ್ನು ಬಿಗಿ ಹಿಡಿಯುವ, ಈಗ ದಣಿದ ಟೆನ್ಶನರ್, ಗ್ರೀಸ್ ಒಣಗಿದ ಬೇರಿಂಗ್, ಓರೆಯಾದ ಪುಲ್ಲಿ (ಬೆಲ್ಟ್ ಸುತ್ತುವ ಗಾಲಿ), ಸೋರುವ ವಾಟರ್ ಪಂಪ್. ಆ ಮೂಲ ಉಳಿದರೆ ಹೊಸ ಬೆಲ್ಟೂ ಹಾಳಾಗುತ್ತದೆ. ಬೇರಿಂಗ್ ಹಿಡಿದುಕೊಂಡರಂತೂ ಬೆಲ್ಟ್ ಸುಟ್ಟು ಹರಿದು, ದಾರಿಯಲ್ಲೇ ಗಾಡಿ ನಿಲ್ಲುತ್ತದೆ. ಆದ್ದರಿಂದ ಯಾವ ಭಾಗಕ್ಕೂ ದುಡ್ಡು ಹಾಕುವ ಮೊದಲು ಮೂಲ ಹಿಡಿಯಬೇಕು. ಅದಕ್ಕೆ ಬೇಕಾದ ಸಾಮಾನು ಹೆಚ್ಚಿಲ್ಲ; ಒಂದು ಸಲಕ್ಕೆ ಒಂದನ್ನೇ ಬದಲಿಸಿ ನೋಡುವ ತಾಳ್ಮೆ ಬೇಕು.

ಮೊದಲು ಕಿವಿಗೆ ಕೆಲಸ

ಗಾಡಿ ನಿಂತಲ್ಲೇ ಸದ್ದು ಬರುತ್ತದೆಯೋ, ಓಡುವಾಗ ಮಾತ್ರವೋ? ಇದು ಮೊದಲ ಪ್ರಶ್ನೆ. ನಿಂತಾಗ ಬಾರದೆ, ಚಕ್ರ ತಿರುಗಿದಾಗ ಮಾತ್ರ ಬಂದು, ಬ್ರೇಕ್ ಒತ್ತಿದರೆ ಬದಲಾದರೆ ಅದು ಬ್ರೇಕ್ ಪ್ಯಾಡ್ ಅಥವಾ ಚಕ್ರದ ಬೇರಿಂಗ್; ಎಂಜಿನ್ ಬಿಚ್ಚುವ ಅಗತ್ಯವೇ ಇಲ್ಲ. ತಗ್ಗು ಬಂದಾಗ ಮಾತ್ರ ಬಂದರೆ ಸಸ್ಪೆನ್ಶನ್ ಬುಷ್. ನಿಂತಲ್ಲೇ ಬಂದು, ಎಕ್ಸಿಲರೇಟರ್ ಒತ್ತಿದಂತೆ ಸದ್ದಿನ ಓಟವೂ ಏರಿದರೆ ಮಾತ್ರ ಮುಂದಿನ ಪರೀಕ್ಷೆಗಳು.

ಸದ್ದಿನ ಜಾತಿ ಗುರುತಿಸಿ. ಹಕ್ಕಿ ಕೂಗಿದಂತೆ ಚಿಂವ್ ಚಿಂವ್ ಎಂದು ತುಂಡು ತುಂಡಾಗಿ ಬಂದರೆ ಪುಲ್ಲಿಗಳು ಒಂದೇ ಸಾಲಿನಲ್ಲಿಲ್ಲ, ಇಲ್ಲವೇ ಬೆಲ್ಟಿನ ಗೀರುಗಳಲ್ಲಿ ಏನೋ ಕೂತಿದೆ. ಕೀಂ ಎಂದು ಉದ್ದಕ್ಕೆ ಕಿರುಚಿದರೆ, ಅದರಲ್ಲೂ ಚಾಲೂ ಮಾಡಿದ ಕೂಡಲೇ ಅಥವಾ ಎಸಿ ಹಾಕಿದಾಗ ಬಂದರೆ, ಬೆಲ್ಟ್ ಜಾರುತ್ತಿದೆ. ಗರಗರ ಎಂದು ಒರಟಾಗಿ, ಮರಳು ಅರೆದಂತೆ ಬಂದರೆ ಬೇರಿಂಗ್. ಒಂದೇ ಸಮನೆ ಸಣ್ಣ ಸಿಳ್ಳೆಯಾದರೆ ಗಾಳಿ ಎಲ್ಲೋ ಎಳೆದುಕೊಳ್ಳುತ್ತಿದೆ.

ತುಂಡು ಸದ್ದನ್ನು ಎಣಿಸಲು ಬರುತ್ತದೆಯೇ ಎಂದು ನೋಡುವುದೂ ಒಳ್ಳೆಯ ಉಪಾಯ. ಲೆಕ್ಕ ಹೀಗಿದೆ: ಐಡಲ್‌ನಲ್ಲಿ (ಎಕ್ಸಿಲರೇಟರ್ ಒತ್ತದಿದ್ದಾಗ) ಎಂಜಿನ್ ನಿಮಿಷಕ್ಕೆ 800 ಸುತ್ತು, ಎಂಜಿನ್ ನೇರವಾಗಿ ತಿರುಗಿಸುವ ಕ್ರ್ಯಾಂಕ್ ಪುಲ್ಲಿಯ ಅಡ್ಡಳತೆ 150 ಮಿ.ಮೀ., ಬೆಲ್ಟಿನ ಉದ್ದ ಒಂದೂವರೆ ಮೀಟರ್ ಎಂದಿಟ್ಟುಕೊಳ್ಳಿ. ಆಗ ಬೆಲ್ಟ್ ಒಂದು ಪೂರ್ತಿ ಸುತ್ತನ್ನು ಸೆಕೆಂಡಿಗೆ ಸುಮಾರು ನಾಲ್ಕು ಸಲ ಹಾಕುತ್ತದೆ. ಅದೇ 55 ಮಿ.ಮೀ. ಪುಲ್ಲಿಯ ಆಲ್ಟರ್ನೇಟರ್ ಸೆಕೆಂಡಿಗೆ 36 ಸುತ್ತು ತಿರುಗುತ್ತದೆ. ಕಿವಿಗೆ ಎಣಿಸಲು ಸಿಗುವಷ್ಟು ನಿಧಾನದ ಚಿಂವ್ ಆದರೆ ದೋಷ ಬೆಲ್ಟಿನ ಮೇಲೆಯೇ ಒಂದು ಜಾಗದಲ್ಲಿದೆ: ಒಂದು ಗೀರು ಕಿತ್ತಿದೆ ಅಥವಾ ಸಣ್ಣ ಕಲ್ಲು ಸಿಕ್ಕಿಕೊಂಡಿದೆ. ಎಣಿಸಲಾಗದಷ್ಟು ದಟ್ಟವಾಗಿದ್ದರೆ ಪುಲ್ಲಿ, ಬೇರಿಂಗ್ ಕಡೆ ನೋಡಿ.

ಗ್ಯಾರೇಜಿಗೆ ಹೋದಾಗ ಸದ್ದೇ ಬಾರದಿರುವುದು ಎಲ್ಲರಿಗೂ ಗೊತ್ತಿರುವ ಕಾಟ. ಬೆಳಿಗ್ಗೆ ಎಂಜಿನ್ ತಣ್ಣಗಿದ್ದಾಗ ಬಾನೆಟ್ ಎತ್ತಿ, ಚಾಲೂ ಮಾಡುವ ಮೊದಲೇ ಮೊಬೈಲಿನಲ್ಲಿ ವಿಡಿಯೊ ಶುರು ಮಾಡಿಟ್ಟುಕೊಳ್ಳಿ. ಸ್ಲೋ ಮೋಶನ್ ಇದ್ದರೆ ಇನ್ನೂ ಒಳ್ಳೆಯದು. ಬೆಲ್ಟ್ ಕುಣಿಯುವುದು, ಟೆನ್ಶನರ್ ತೋಳು ಜಗ್ಗಾಡುವುದು ಕಣ್ಣಿಗೆ ಕಾಣುತ್ತದೆ. ತೋಳು ಸಣ್ಣಗೆ ನಡುಗುವುದು ಸಹಜ. ಕಣ್ಣಿಗೆ ಹೊಡೆಯುವಂತೆ ಹಿಂದೆ ಮುಂದೆ ಬಡಿದಾಡಿದರೆ ಟೆನ್ಶನರ್ ಸ್ಪ್ರಿಂಗ್ ಅಥವಾ ಅದರ ನಡುಕ ತಡೆಯುವ ಡ್ಯಾಂಪರ್ ದಣಿದಿದೆ.

ಕೈ ಹಾಕುವ ಮುಂಚೆ

ಗಾಡಿ ಸಮತಟ್ಟು ಜಾಗದಲ್ಲಿರಲಿ. ಗೇರ್ ನ್ಯೂಟ್ರಲ್, ಹ್ಯಾಂಡ್‌ಬ್ರೇಕ್ ಮೇಲೆ, ಹಿಂದಿನ ಚಕ್ರಕ್ಕೆ ಕಲ್ಲು. ಧೋತರ, ಹೆಗಲ ಮೇಲಿನ ಟಾವೆಲ್, ಸೀರೆಯ ಸೆರಗು, ದುಪಟ್ಟಾ, ಕೈಗಡಗ, ಉಂಗುರ ಯಾವುದೂ ತಿರುಗುವ ಬೆಲ್ಟಿನ ಹತ್ತಿರ ಇರಕೂಡದು. ಉದ್ದ ಕೂದಲು ಕಟ್ಟಿರಲಿ. ರೇಡಿಯೇಟರಿನ ಎಲೆಕ್ಟ್ರಿಕ್ ಫ್ಯಾನ್ ಎಂಜಿನ್ ಬಂದ್ ಆದ ಮೇಲೂ ತಾನಾಗಿ ತಿರುಗಬಹುದು, ಅದರ ನೆನಪಿರಲಿ. ಬೆಲ್ಟ್ ಮುಟ್ಟುವ ಕೆಲಸ ಏನಿದ್ದರೂ ಚಾವಿ ತೆಗೆದು ಕಿಸೆಗೆ ಹಾಕಿಕೊಂಡ ಮೇಲೆ. ಗುಂಡಿ ಒತ್ತಿ ಚಾಲೂ ಮಾಡುವ ಗಾಡಿಯಾದರೆ ಚಾವಿಯನ್ನು ದೂರ ಇಡಿ.

ಸಾಮಾನು: ಸ್ಪ್ರೇ ಬಾಟಲಿಯಲ್ಲಿ ಬರೀ ನೀರು, ಟಾರ್ಚ್, ಒಂದು ಅಡಿಗಿಂತ ಉದ್ದನೆಯ ಸ್ಕ್ರೂಡ್ರೈವರ್, ಅರ್ಧ ಮೀಟರ್ ರಬ್ಬರ್ ಪೈಪು, ಚಾಕ್‌ಪೀಸ್, ಉಕ್ಕಿನ ಅಳತೆಪಟ್ಟಿ, 10ರಿಂದ 19 ನಂಬರಿನವರೆಗಿನ ಪಾನಾಗಳು, ಮಲ್ಟಿಮೀಟರ್.

ನೀರಿನ ಪರೀಕ್ಷೆ

ಇದೊಂದು ಪರೀಕ್ಷೆಯಲ್ಲೇ ಅರ್ಧ ದಾರಿ ಸಾಗುತ್ತದೆ, ಹಾಗಾಗಿ ಗಡಿಬಿಡಿ ಬೇಡ. ಸದ್ದು ಬರುತ್ತಿರುವಾಗ, ಎಂಜಿನ್ ಐಡಲ್‌ನಲ್ಲಿರುವಾಗ, ಬೆಲ್ಟಿನ ಗೀರುಗಳಿರುವ ಒಳಮೈ ಮೇಲೆ ಎರಡು ಮೂರು ಸಲ ನೀರು ಚಿಮುಕಿಸಿ. ಕೈ ದೂರವಿರಲಿ, ಆಲ್ಟರ್ನೇಟರ್ ಒಳಗೆ ನೀರು ಹೋಗದಿರಲಿ.

ಸದ್ದು ತಕ್ಷಣ ನಿಂತು, ನೀರು ಆರಿದ ಮೇಲೆ ಮತ್ತೆ ಬಂದರೆ ಪುಲ್ಲಿ ಓರೆಯಾಗಿದೆ. ಬೆಲ್ಟ್ ಪುಲ್ಲಿಯ ಗೀರಿನೊಳಗೆ ಅಡ್ಡಡ್ಡ ಉಜ್ಜಿ ಇಳಿಯುವಾಗ ಚಿಂವ್ ಎನ್ನುತ್ತದೆ. ನೀರು ಆ ಉಜ್ಜಾಟವನ್ನು ಸ್ವಲ್ಪ ಹೊತ್ತು ನುಣುಪು ಮಾಡುತ್ತದೆ. ನೀರು ಬಿದ್ದ ಕೂಡಲೇ ಸದ್ದು ಜೋರಾದರೆ ಬೆಲ್ಟ್ ಸಡಿಲ, ಹಿಡಿತ ಸಾಲದು. ಏನೂ ಬದಲಾಗದಿದ್ದರೆ ಬೆಲ್ಟನ್ನು ಬಿಡಿ, ಬೇರಿಂಗ್ ಹುಡುಕಿ.

ನೀರಿನ ಬದಲು ಸಾಬೂನು, ಮೇಣದಬತ್ತಿ, ಎಣ್ಣೆ ಸ್ಪ್ರೇ, ಬೆಲ್ಟಿಗೆಂದೇ ಮಾರುವ ಅಂಟು ಸ್ಪ್ರೇ ಯಾವುದನ್ನೂ ಹಾಕಬೇಡಿ. ಗೀರುಬೆಲ್ಟಿನ ಮೇಲೆ ಅವು ದೂಳನ್ನು ಹಿಡಿದು ಮೆತ್ತಿಕೊಳ್ಳುತ್ತವೆ. ಎಣ್ಣೆ ರಬ್ಬರನ್ನು ಉಬ್ಬಿಸುತ್ತದೆ. ನಾಲ್ಕು ದಿನ ಸದ್ದು ಅಡಗುವುದರಿಂದ ಕಾಯಿಲೆ ಕಾಣದಂತಾಗುತ್ತದೆ ಅಷ್ಟೇ.

ಬೆಳಗಾವಿ, ಖಾನಾಪುರ ಕಡೆಯವರಿಗೆ ಒಂದು ಮಾತು. ಜೂನ್‌ನಿಂದ ಸೆಪ್ಟೆಂಬರ್ ತನಕ ಅಲ್ಲಿ ರಾತ್ರಿಯಿಡೀ ಹೊರಗೆ ನಿಂತ ಗಾಡಿಯ ಬೆಲ್ಟ್ ಬೆಳಿಗ್ಗೆ ತೇವವಾಗಿರುತ್ತದೆ. ಚಾಲೂ ಮಾಡಿದ ಮೇಲೆ ಕೆಲವೇ ಸೆಕೆಂಡು ಕಿರುಚಿ ಸುಮ್ಮನಾದರೆ ಹೆದರಬೇಕಿಲ್ಲ, ಆದರೆ ಬಿಗಿತ ಅಂಚಿಗೆ ಬಂದಿದೆ ಎಂದು ತಿಳಿಯಿರಿ. ಜೊತೆಗೆ ಬ್ಯಾಟರಿಯನ್ನೂ ನೋಡಿ. ಬ್ಯಾಟರಿ ಸೊರಗಿದ್ದರೆ ಚಾಲೂ ಆದ ಕೂಡಲೇ ಆಲ್ಟರ್ನೇಟರ್ ಅದನ್ನು ತುಂಬಲು ಪೂರ್ತಿ ಜೋರಿನಲ್ಲಿ ದುಡಿಯುತ್ತದೆ, ಪುಲ್ಲಿ ಭಾರವಾಗುತ್ತದೆ, ಬೆಲ್ಟ್ ಜಾರುತ್ತದೆ. ಬೆಲ್ಟಿನ ಕಿರುಚಾಟದ ಮೂಲ ಬ್ಯಾಟರಿಯಾಗಿರುವುದು ಅಪರೂಪವಲ್ಲ.

ಭಾರ ಹಾಕಿ ನೋಡುವುದು

ಈಗ ಒಂದೊಂದೇ ಯಂತ್ರದ ಮೇಲೆ ಭಾರ ಹಾಕಿ. ಒಬ್ಬರು ಒಳಗೆ ಕೂರಲಿ, ಇನ್ನೊಬ್ಬರು ಬಾನೆಟ್ ಹತ್ತಿರ ಕೇಳಲಿ.

ಮೊದಲು ಆಲ್ಟರ್ನೇಟರ್, ನಮ್ಮ ಉತ್ತರ ಕರ್ನಾಟಕ ಕಡೆಯ ಮಿಸ್ತ್ರಿಗಳು ಇಂದಿಗೂ ಡೈನಮೊ ಎನ್ನುವುದು ಇದನ್ನೇ. ಹೈಬೀಮ್, ಬ್ಲೋವರ್, ಹಿಂದಿನ ಗಾಜಿನ ಡಿಫಾಗರ್ ಎಲ್ಲ ಹಾಕಿಸಿ. ಕಿರುಚಾಟ ಶುರುವಾದರೆ ಆಲ್ಟರ್ನೇಟರ್ ಪುಲ್ಲಿಯ ಮೇಲೆ ಬೆಲ್ಟ್ ಜಾರುತ್ತಿದೆ. ಇದೇ ಹೊತ್ತಿಗೆ ಬ್ಯಾಟರಿ ತುದಿಗಳಲ್ಲಿ ವೋಲ್ಟೇಜ್ ನೋಡಿ. ಎಂಜಿನ್ ಬಂದ್ ಇದ್ದಾಗ 12.6ರ ಆಸುಪಾಸು, ಚಾಲೂ ಇದ್ದಾಗ 13.8ರಿಂದ 14.5 ಸಾಮಾನ್ಯ. ಎಂಜಿನ್ ಓಟ ಸ್ವಲ್ಪ ಏರಿಸಿದ ಮೇಲೂ, ಭಾರ ಹಾಕಿದಾಗ 13ಕ್ಕಿಂತ ಕೆಳಗೆ ಬಿದ್ದರೆ ಜಾರಾಟ ಅಥವಾ ಆಲ್ಟರ್ನೇಟರಿನದೇ ದೋಷ. ಹೊಸ ಗಾಡಿಗಳು ಇಂಧನ ಉಳಿಸಲು ತಾವಾಗಿಯೇ ವೋಲ್ಟೇಜ್ ಇಳಿಸುವುದುಂಟು, ಆದ್ದರಿಂದ ಭಾರವಿಲ್ಲದಾಗಿನ ಅಂಕಿಯೊಂದನ್ನೇ ನಂಬಬೇಡಿ.

ಆಮೇಲೆ ಎಸಿ. ಗುಂಡಿ ಒತ್ತಿದ ಕೂಡಲೇ ಟಕ್ ಎಂದು ಕ್ಲಚ್ ಹಿಡಿಯುತ್ತದೆ. ಸದ್ದು ಆಗ ಶುರುವಾದರೆ ಕಂಪ್ರೆಸರ್ ಅಥವಾ ಸಡಿಲ ಬೆಲ್ಟ್. ಎಸಿ ಬಂದ್ ಇದ್ದಾಗ ಗರಗರ ಇದ್ದು, ಎಸಿ ಹಾಕಿದಾಗ ನಿಂತರೆ ಅದು ಕಂಪ್ರೆಸರ್ ಪುಲ್ಲಿಯ ಬೇರಿಂಗ್. ಎಸಿ ಬಂದ್ ಇದ್ದಾಗ ಪುಲ್ಲಿಯೊಂದೇ ಆ ಬೇರಿಂಗ್ ಮೇಲೆ ತಿರುಗುತ್ತಿರುತ್ತದೆ. ಕ್ಲಚ್ ಹಿಡಿದಾಗ ಒಳಗಿನ ಶಾಫ್ಟ್ ಅದರ ಜೊತೆಗೇ ತಿರುಗುವುದರಿಂದ ಬೇರಿಂಗಿಗೆ ಬಿಡುವು. ಈ ಬೇರಿಂಗ್ ಬೇರೆಯಾಗಿಯೇ ಬದಲಾಗುತ್ತದೆ. ಇದಕ್ಕಾಗಿ ಪೂರ್ತಿ ಕಂಪ್ರೆಸರ್ ಬದಲಿಸಬೇಕೆಂದು ಯಾರಾದರೂ ಹೇಳಿದರೆ ಒಪ್ಪುವ ಮೊದಲು ಇನ್ನೊಬ್ಬರಿಗೆ ತೋರಿಸಿ.

ಬೊಲೆರೊದಂಥ ಗಾಡಿಗಳಲ್ಲಿ ಎಣ್ಣೆಯ ಪವರ್ ಸ್ಟೀರಿಂಗ್ ಇರುತ್ತದೆ. ಸ್ಟೀರಿಂಗ್ ಪೂರ್ತಿ ಒಂದು ಕಡೆ ತಿರುಗಿಸಿ ನೋಡಿ, ಆದರೆ ಕೊನೆಯಲ್ಲಿ ಐದು ಸೆಕೆಂಡಿಗಿಂತ ಹೆಚ್ಚು ಹಿಡಿಯಬೇಡಿ. ಎಣ್ಣೆಯ ಒತ್ತಡ ಪಂಪನ್ನು ಕಾಯಿಸುತ್ತದೆ. ಆಗ ಕಿರುಚಿದರೆ ಬೆಲ್ಟ್, ಗೊಂಯ್ ಎಂದು ಮುಲುಗಿದರೆ ಎಣ್ಣೆ ಕಡಿಮೆ ಅಥವಾ ಪಂಪಿನ ಸವೆತ. ಸಣ್ಣ ಕಾರುಗಳಲ್ಲಿ ಬಹುಪಾಲು ಎಲೆಕ್ಟ್ರಿಕ್ ಸ್ಟೀರಿಂಗ್, ಅಲ್ಲಿ ಈ ಪಂಪೇ ಇಲ್ಲ.

ಕೊನೆಗೆ ಕ್ಲಚ್ ಪೆಡಲ್. ಒತ್ತಿದಾಗ ಮಾತ್ರ ಸದ್ದು ಬಂದರೆ ಕ್ಲಚ್ ಬಿಡಿಸುವ ರಿಲೀಸ್ ಬೇರಿಂಗ್. ಬಿಟ್ಟಾಗ ಬಂದು ಒತ್ತಿದಾಗ ನಿಂತರೆ ಗೇರ್‌ಬಾಕ್ಸಿನ ಇನ್‌ಪುಟ್ ಶಾಫ್ಟ್ ಬೇರಿಂಗ್ ಮೇಲೆ ಮೊದಲ ಅನುಮಾನ. ಎರಡಕ್ಕೂ ಗೇರ್‌ಬಾಕ್ಸ್ ಇಳಿಸಬೇಕು.

ಬೆಲ್ಟ್ ಇಳಿಸಿ ಕೇಳುವುದು

ಇಷ್ಟಾದರೂ ಗುಟ್ಟು ಬಿಡದಿದ್ದರೆ ಬೆಲ್ಟ್ ಇಳಿಸಿ. ಮೊದಲು ಬೆಲ್ಟ್ ಹೋಗಿರುವ ದಾರಿಯ ಫೋಟೊ ತೆಗೆದುಕೊಳ್ಳಿ. ಮಾರುತಿ 800ರಂಥ ಹಳೆಯ ಗಾಡಿಗಳಲ್ಲಿ ಬೇರೆ ಟೆನ್ಶನರ್ ಇಲ್ಲ. ಆಲ್ಟರ್ನೇಟರಿನ ಬೋಲ್ಟ್‌ಗಳನ್ನು ಸಡಿಲಿಸಿ ಅದನ್ನು ಒಳಕ್ಕೆ ತಳ್ಳಿದರೆ ಬೆಲ್ಟ್ ಕೈಗೆ ಬರುತ್ತದೆ. ತಾನಾಗಿ ಬಿಗಿಯುವ ಟೆನ್ಶನರ್ ಇದ್ದರೆ ಪಾನಾದಿಂದ ತೋಳನ್ನು ತಿರುಗಿಸಿ ಹಿಡಿದು, ಇನ್ನೊಂದು ಕೈಯಿಂದ ನುಣುಪು ಪುಲ್ಲಿಯ ಮೇಲಿಂದ ಬೆಲ್ಟ್ ಜಾರಿಸಬೇಕು. ಹೊಂದಿಸುವ ಬೋಲ್ಟೂ ಇಲ್ಲ, ಟೆನ್ಶನರೂ ಇಲ್ಲ ಎಂದು ಕಂಡರೆ ಅದು ಹಿಗ್ಗುವ ಬೆಲ್ಟ್. ಅದನ್ನು ಎಳೆದು ತೆಗೆಯಬೇಡಿ, ಕತ್ತರಿಸಿಯೇ ತೆಗೆಯುವಂಥದ್ದು. ಹೊಸದನ್ನು ಕೂರಿಸಲು ಬೇರೆ ಟೂಲ್ ಬೇಕು.

ಎಂಜಿನ್ ತಣ್ಣಗಿರುವಾಗ, ಬೆಲ್ಟಿಲ್ಲದೆ ಅರ್ಧ ನಿಮಿಷ ಚಾಲೂ ಮಾಡಿ, ಒಂದು ನಿಮಿಷ ದಾಟಬೇಡಿ. ವಾಟರ್ ಪಂಪ್ ಇದೇ ಬೆಲ್ಟಿನಿಂದ ತಿರುಗುವ ಗಾಡಿಗಳಲ್ಲಿ ನೀರು ಸುತ್ತುವುದಿಲ್ಲ. ಬ್ಯಾಟರಿ ದೀಪ ಹತ್ತುತ್ತದೆ, ಅದು ಸಹಜ. ಸದ್ದು ಪೂರ್ತಿ ನಿಂತರೆ ಮೂಲ ಬೆಲ್ಟ್ ತಿರುಗಿಸುವ ಭಾಗಗಳಲ್ಲೇ ಇದೆ. ಎರಡು ಬೆಲ್ಟ್ ಇರುವ ಗಾಡಿಯಲ್ಲಿ ಹೊರಗಿನದನ್ನು ಮಾತ್ರ ಇಳಿಸಿ ಒಮ್ಮೆ ಕೇಳಿ, ಆಮೇಲೆ ಎರಡನೆಯದು.

ಎಂಜಿನ್ ಬಂದ್ ಮಾಡಿ, ಈಗ ಒಂದೊಂದೇ ಪುಲ್ಲಿಯನ್ನು ಬೆರಳಿನಿಂದ ತಿರುಗಿಸಿ. ಈ ಹಂತವನ್ನು ಅವಸರದಲ್ಲಿ ಮುಗಿಸುವವರೇ ಹೆಚ್ಚು. ಬೆಲ್ಟಿಗೆ ದಾರಿ ತೋರುವ ಐಡ್ಲರ್ ಪುಲ್ಲಿ ಒಳ್ಳೆಯದಿದ್ದರೆ ಸದ್ದಿಲ್ಲದೆ ತಿರುಗಿ, ಒಳಗಿನ ಗ್ರೀಸಿನ ತಡೆಯಿಂದ ಬೇಗ ನಿಲ್ಲುತ್ತದೆ. ಗಿರ್ರೆಂದು ಬಹಳ ಹೊತ್ತು ತಿರುಗುತ್ತಲೇ ಇದ್ದರೆ "ಭಾರಿ ಫ್ರೀ ಐತಿ" ಎಂದು ಖುಷಿಪಡಬೇಡಿ, ಒಳಗೆ ಗ್ರೀಸೇ ಉಳಿದಿಲ್ಲ. ಕಿವಿ ಹತ್ತಿರ ತಂದು ತಿರುಗಿಸಿದಾಗ ಸರಸರ ಕೇಳಿದರೆ, ಬೆರಳಿಗೆ ಕಾಳು ಕಾಳಾಗಿ ಹತ್ತಿದರೆ ಬೇರಿಂಗ್ ಮುಗಿದಿದೆ. ಮೇಲೆ ಕೆಳಗೆ ಅಲುಗಿಸಿ ನೋಡಿ, ಆಟ ಇರಕೂಡದು.

ಆಲ್ಟರ್ನೇಟರಿನಲ್ಲಿ ಬ್ರಷ್ ಸವರುವ ಸಣ್ಣ ಸದ್ದು ಸಹಜ. ಕೆಲವು ಗಾಡಿಗಳಲ್ಲಿ, ಡೀಸೆಲ್‌ಗಳಲ್ಲಿ ಹೆಚ್ಚಾಗಿ, ಒಂದೇ ಕಡೆ ಹಿಡಿಯುವ ಪುಲ್ಲಿ ಇರುತ್ತದೆ. ಒಂದು ದಿಕ್ಕಿಗೆ ಶಾಫ್ಟನ್ನು ಹಿಡಿದು, ಇನ್ನೊಂದು ದಿಕ್ಕಿಗೆ ಬಿಡಬೇಕು. ಎರಡೂ ಕಡೆ ಹಿಡಿದರೆ ಅಥವಾ ಎರಡೂ ಕಡೆ ಬಿಟ್ಟರೆ ಅದು ಕೆಟ್ಟಿದೆ, ಟೆನ್ಶನರ್ ಬಡಿದಾಡಲು ಅದೂ ಒಂದು ಕಾರಣ. ವಾಟರ್ ಪಂಪ್ ಸೀಲಿನಿಂದಾಗಿ ಸ್ವಲ್ಪ ಬಿಗಿಯಾಗಿಯೇ ತಿರುಗುತ್ತದೆ. ಅದರ ಕುತ್ತಿಗೆಯ ಕೆಳಗೆ ಸಣ್ಣ ತೂತಿದೆ. ಅಲ್ಲಿ ಬಿಳಿ ಅಥವಾ ಹಸಿರು ಉಪ್ಪುಗಟ್ಟಿದ್ದರೆ ಸೀಲ್ ಸೋರುತ್ತಿದೆ, ಪಂಪ್ ಬದಲಿಸಬೇಕು.

ಕ್ರ್ಯಾಂಕ್ ಪುಲ್ಲಿಯನ್ನು ಮರೆಯಬೇಡಿ. ಬಹಳ ಗಾಡಿಗಳಲ್ಲಿ ಅದರ ನಡುವಿನ ಹಬ್ ಮತ್ತು ಹೊರಗಿನ ಉಂಗುರದ ಮಧ್ಯೆ ರಬ್ಬರ್ ಪದರವಿರುತ್ತದೆ. ಎರಡರ ಮೇಲೂ ಹಾಯುವಂತೆ ಚಾಕ್‌ಪೀಸಿನಿಂದ ಒಂದು ಗೆರೆ ಎಳೆದು, ಬೆಲ್ಟ್ ಹಾಕಿ ಒಂದು ದಿನ ಓಡಿಸಿ ನೋಡಿ. ಗೆರೆ ಎರಡು ತುಂಡಾಗಿ ಸರಿದಿದ್ದರೆ ರಬ್ಬರ್ ಬಿಟ್ಟಿದೆ, ಎಷ್ಟು ಬೆಲ್ಟ್ ಹಾಕಿದರೂ ಸದ್ದು ಹೋಗುವುದಿಲ್ಲ.

ಬೆಲ್ಟ್ ಹಾಕಿದ ಮೇಲೂ ಅನುಮಾನ ಉಳಿದರೆ ಸ್ಕ್ರೂಡ್ರೈವರ್ ಬಳಸಿ. ತುದಿಯನ್ನು ಆಲ್ಟರ್ನೇಟರ್ ಮೈ, ಐಡ್ಲರಿನ ನಡುವಿನ ಬೋಲ್ಟ್, ವಾಟರ್ ಪಂಪಿನ ಮೈ, ಕಂಪ್ರೆಸರಿನ ಮೈ ಹೀಗೆ ತಿರುಗದ ಭಾಗಗಳ ಮೇಲೆ ಮಾತ್ರ ಊರಿ, ಹಿಡಿಯ ಮೇಲೆ ಹೆಬ್ಬೆರಳಿಟ್ಟು, ಹೆಬ್ಬೆರಳಿಗೆ ಕಿವಿ ತಾಗಿಸಿ. ಎಲ್ಲೆಡೆ ಸದ್ದು ಕೇಳುತ್ತದೆ, ಆದರೆ ಒಂದು ಕಡೆ ಅದು ಒರಟಾಗಿ, ಹತ್ತಿರವಾಗಿ ಕೇಳುತ್ತದೆ.

ಬೆಲ್ಟ್ ಇಳಿಸಿದರೂ ನಿಲ್ಲದ ಸದ್ದು

ಆಯಿಲ್ ಹಾಕುವ ಮುಚ್ಚಳವನ್ನು ಐಡಲ್‌ನಲ್ಲಿ ಮೆಲ್ಲಗೆ ತೆರೆಯಿರಿ. ಮುಚ್ಚಳ ಬಲವಾಗಿ ಒಳಕ್ಕೆ ಹೀರಿಕೊಂಡಂತಿದ್ದು, ತೆರೆದೊಡನೆ ಸಿಳ್ಳೆ ನಿಂತರೆ ಎಂಜಿನ್ ಒಳಗಿನ ಆವಿಯನ್ನು ಹೊರಬಿಡುವ ಪಿಸಿವಿ ವಾಲ್ವಿನ ಪೊರೆ ಹರಿದಿದೆ. ಎಂಜಿನ್ ಒಳಗೆ ನಿರ್ವಾತ ಹೆಚ್ಚಾಗಿ, ಆಯಿಲ್ ಸೀಲಿನ ಅಂಚಿನಿಂದ ಗಾಳಿ ನುಗ್ಗುವಾಗ ಆ ಸಿಳ್ಳೆ ಹುಟ್ಟುತ್ತದೆ. ಇದನ್ನು ತಿಳಿಯದೆ ಬೆಲ್ಟು, ಆಲ್ಟರ್ನೇಟರು ಬದಲಿಸಿದವರುಂಟು. ಹಾಗಲ್ಲದಿದ್ದರೆ ರಬ್ಬರ್ ಪೈಪಿನ ಒಂದು ತುದಿ ಕಿವಿಗಿಟ್ಟು ಇನ್ನೊಂದನ್ನು ಇನ್‌ಟೇಕ್ ಹೋಸ್‌ಗಳ ಗುಂಟ ಸರಿಸಿ. ಸೋರುವ ಜಾಗದಲ್ಲಿ ಸಿಳ್ಳೆ ಒಮ್ಮೆಲೇ ಏರುತ್ತದೆ.

ಟೈಮಿಂಗ್ ಕವರಿನ ಹಿಂದಿನಿಂದ ಬರುವ ಗರಗರವನ್ನು ಮಾತ್ರ ಮುಂದೂಡಬೇಡಿ. ಕವರಿನೊಳಗೆ ವಾಲ್ವ್‌ಗಳ ಸಮಯ ಹೊಂದಿಸುವ ಟೈಮಿಂಗ್ ಬೆಲ್ಟಿನ ಟೆನ್ಶನರ್ ಬೇರಿಂಗ್ ಹಿಡಿದುಕೊಂಡರೆ ಬಹಳ ಎಂಜಿನ್‌ಗಳಲ್ಲಿ ವಾಲ್ವ್‌ಗಳು ಪಿಸ್ಟನ್ನಿಗೆ ಬಡಿದು ಬಾಗುತ್ತವೆ. ಅಂಥ ಗಾಡಿಯನ್ನು ಓಡಿಸದೆ, ಎತ್ತಿಸಿಕೊಂಡು ಹೋಗುವುದೇ ಸರಿ.

ನಮ್ಮ ಕಡೆ ಇವು ಬೇಗ ಯಾಕೆ ಕೆಡುತ್ತವೆ

ವಿಜಯಪುರ, ಬಾಗಲಕೋಟೆ ಕಡೆ ಮೊದಲ ಶತ್ರು ರೇಡಿಯೇಟರಿಗೆ ಹಾಕುವ ಬೋರ್‌ವೆಲ್ಲಿನ ಸವಳು ನೀರು. ಬೇಸಿಗೆಯಲ್ಲಿ 40 ಡಿಗ್ರಿ ದಾಟಿದಾಗ ನೀರು ಇಳಿಯುತ್ತದೆ, ಹೊಲದ ಪಂಪಿನಿಂದಲೇ ತುಂಬಿಸುತ್ತಾರೆ. ಅದರ ಉಪ್ಪು ವಾಟರ್ ಪಂಪಿನ ಸೀಲನ್ನು ಅರೆಯುತ್ತದೆ. ಸೀಲ್ ಸೋರಿ ಬೇರಿಂಗಿನ ಗ್ರೀಸ್ ತೊಳೆದುಹೋಗುತ್ತದೆ. ಅದೇ ನೀರು ಬೆಲ್ಟಿಗೂ ಸಿಡಿಯುತ್ತದೆ. ಕೂಲಂಟ್ ಮತ್ತು ಡಿಸ್ಟಿಲ್ಡ್ ವಾಟರ್ ಅರ್ಧಕ್ಕರ್ಧ ಬೆರೆಸಿ ಹಾಕಿ. ಬೆರೆಸಿಯೇ ಮಾರುವ ಕೂಲಂಟಾದರೆ ನೀರು ಸೇರಿಸಬೇಡಿ.

ಎರಡನೆಯದು ದೂಳು. ಎರೆಮಣ್ಣಿನ ದಾರಿ, ಇಳಕಲ್ಲಿನ ಕಲ್ಲುಗಣಿಗಳ ಸುತ್ತಲಿನ ಪುಡಿ, ಕಬ್ಬಿನ ಹಂಗಾಮಿನಲ್ಲಿ ಮುಧೋಳ, ಜಮಖಂಡಿ ರಸ್ತೆಗಳ ದೂಳು ಬೆಲ್ಟಿನ ಗೀರಿನಲ್ಲಿ ಕೂತು ಚಿಂವ್ ಎನಿಸುತ್ತದೆ. ಅದನ್ನು ತೊಳೆಯಲು ವಾಟರ್ ಸರ್ವಿಸಿಂಗಿಗೆ ಹೋದಾಗ ಆಲ್ಟರ್ನೇಟರ್, ಪುಲ್ಲಿಗಳ ಮೇಲೆ ಪ್ರೆಶರ್ ಪೈಪು ಹಿಡಿಯಬೇಡಿ ಎಂದು ಹೇಳಿ. ಆ ರಭಸ ಬೇರಿಂಗಿನ ಸೀಲ್ ದಾಟಿ ಗ್ರೀಸನ್ನೇ ಹೊರಹಾಕುತ್ತದೆ. ತೊಳೆಸಿದ ಮರುವಾರ ಸದ್ದು ಶುರುವಾಗುವುದಕ್ಕೆ ಇದೇ ಕಾರಣ.

ಬದಲಿಸುವಾಗ

ಬೆಲ್ಟಿನ ಬೆನ್ನ ಮೇಲೆ 4ಪಿಕೆ 850 ಎಂಬಂಥ ಬರಹವಿರುತ್ತದೆ. 4 ಎಂದರೆ ಗೀರಿನ ಏಣುಗಳು, 850 ಎಂದರೆ ಉದ್ದ, ಮಿ.ಮೀ.ಗಳಲ್ಲಿ. ಹತ್ತು ಮಿ.ಮೀ. ಹೆಚ್ಚುಕಡಿಮೆಯಾದರೂ ನಡೆಯುತ್ತದೆಂದು ಅಂಗಡಿಯವರು ಕೊಟ್ಟರೆ ತರಬೇಡಿ. ಟೆನ್ಶನರ್ ತನ್ನ ಸರಿಯಾದ ಜಾಗದಲ್ಲಿ ಕೂರುವುದಿಲ್ಲ. ಈಗಿನ ಇಪಿಡಿಎಂ ರಬ್ಬರಿನ ಬೆಲ್ಟ್ ಹಳೆಯವುಗಳಂತೆ ಬಿರುಕು ಬಿಡುವುದು ಕಡಿಮೆ, ಏಣುಗಳ ನಡುವಿನ ತಗ್ಗು ಸವೆದು ಅಗಲವಾಗುತ್ತದೆ. ಬಿರುಕಿಲ್ಲವೆಂದು ಚಲೋ ಇದೆ ಎನ್ನಬೇಡಿ, ಹೊಸದರ ಪಕ್ಕ ಹಿಡಿದು ಹೋಲಿಸಿ.

ಬೇರಿಂಗಿನ ಅಂಚಿನಲ್ಲೂ ನಂಬರ್ ಇರುತ್ತದೆ. ಉದಾಹರಣೆಗೆ 6203 ಎಂದರೆ ಒಳಗೆ 17, ಹೊರಗೆ 40, ದಪ್ಪ 12 ಮಿ.ಮೀ. ಅದರ ಮುಂದೆ 2ಆರ್‌ಎಸ್ ಇದ್ದರೆ ಎರಡೂ ಕಡೆ ರಬ್ಬರ್ ಸೀಲ್. ಸಿ3 ಎಂದಿದ್ದರೆ ಬಿಸಿಗೆ ಹಿಗ್ಗಲು ಒಳಗೆ ಹೆಚ್ಚು ಸಂದು. ಅದರ ಬದಲು ಸಾದಾ ತಂದರೆ ಎಂಜಿನ್ ಕಾವಿಗೆ ಬೇಗ ಹಿಡಿದುಕೊಳ್ಳುತ್ತದೆ. ಉದ್ಯಮಬಾಗದಂಥ ಯಂತ್ರೋದ್ಯಮದ ಬಡಾವಣೆ ಇರುವ ಬೆಳಗಾವಿಯಲ್ಲಿ ಪೂರ್ತಿ ನಂಬರ್ ಹೇಳಿದರೆ ಬೇರಿಂಗ್ ಸಿಗುವುದು ಕಷ್ಟವಲ್ಲ. ಹಳೆಯದನ್ನು ಕೈಯಲ್ಲೇ ಒಯ್ಯಿರಿ. ಹೊಸದನ್ನು ಕೂರಿಸುವಾಗ ಪುಲ್ಲಿಗೆ ಹೋಗುವ ಬೇರಿಂಗಾದರೆ ಹೊರ ಉಂಗುರದ ಮೇಲೆ, ಶಾಫ್ಟಿಗೆ ಹೋಗುವುದಾದರೆ ಒಳ ಉಂಗುರದ ಮೇಲೆ ಮಾತ್ರ ಒತ್ತಡ ಬೀಳಬೇಕು. ಸುತ್ತಿಗೆಯಿಂದ ನಡುವೆ ಬಡಿದರೆ ಗುಂಡುಗಳ ಹಾದಿಯಲ್ಲಿ ಕಚ್ಚು ಬಿದ್ದು ಹೊಸ ಬೇರಿಂಗೂ ಗರಗರ ಎನ್ನುತ್ತದೆ. ಪ್ಲಾಸ್ಟಿಕ್ ಐಡ್ಲರ್ ಆದರೆ ಪುಲ್ಲಿ ಸಮೇತ ಬದಲಿಸಿ.

ಬೆಲ್ಟ್ ಹಾಕುವ ಮೊದಲು ಪುಲ್ಲಿಗಳ ಗೀರುಗಳನ್ನು ಬ್ರಷ್ ಮತ್ತು ಬ್ರೇಕ್ ಕ್ಲೀನರಿನಿಂದ ಸ್ವಚ್ಛ ಮಾಡಿ. ಮೇಲಿನಿಂದ ಆಯಿಲ್ ಅಥವಾ ಕೂಲಂಟ್ ಇಳಿಯುತ್ತಿದ್ದರೆ ಆ ಸೋರಿಕೆ ಮೊದಲು ನಿಲ್ಲಲಿ. ಅಕ್ಕಪಕ್ಕದ ಪುಲ್ಲಿಗಳ ಮುಖಕ್ಕೆ ಅಳತೆಪಟ್ಟಿ ಇಟ್ಟು ನೋಡಿ, ಇಲ್ಲವೇ ಮುಖಗಳ ದಪ್ಪ ಬೇರೆಯಿದ್ದರೆ ಗೀರಿನಿಂದ ಗೀರಿಗೆ ಸಾಲು ಹಿಡಿಯಿರಿ. ಓರೆ ಕಂಡರೆ ಬ್ರ್ಯಾಕೆಟ್ ಬೋಲ್ಟ್, ತಪ್ಪಿದ ವಾಶರ್, ಟೆನ್ಶನರ್ ಬುಡ ನೋಡಿ. ಬೆಲ್ಟ್ ಒಂದು ಏಣು ಆಚೆಗೆ ಕೂತಿಲ್ಲವೇ ಎಂದು ಪ್ರತಿ ಪುಲ್ಲಿಯಲ್ಲೂ ಬೆರಳಾಡಿಸಿ. ಚಾಲೂ ಮಾಡಿದ ಮೇಲೆ ಗೊತ್ತಾದರೆ ಬೆಲ್ಟಿನ ಅಂಚು ಆಗಲೇ ಹರಿದಿರುತ್ತದೆ.

ಕೈಯಿಂದ ಬಿಗಿಯುವ ಬೆಲ್ಟನ್ನು ಅತಿ ಉದ್ದದ ಭಾಗದಲ್ಲಿ ಹೆಬ್ಬೆರಳಿನಿಂದ ಸುಮಾರು 10 ಕೆ.ಜಿ. ಬಲದಲ್ಲಿ ಒತ್ತಿದಾಗ ಸಾಮಾನ್ಯವಾಗಿ 6ರಿಂದ 10 ಮಿ.ಮೀ. ತಗ್ಗಬೇಕು. ನಿಮ್ಮ ಗಾಡಿಯ ಪುಸ್ತಕದಲ್ಲಿ ಬೇರೆ ಅಂಕಿ ಇದ್ದರೆ ಅದೇ ಅಂತಿಮ. ಸದ್ದು ನಿಲ್ಲುವ ತನಕ ಬಿಗಿಯುತ್ತ ಹೋಗುವುದು ದೊಡ್ಡ ತಪ್ಪು, ಆ ಎಳೆತವೆಲ್ಲ ಆಲ್ಟರ್ನೇಟರಿನ ಮುಂದಿನ ಬೇರಿಂಗ್ ಮತ್ತು ವಾಟರ್ ಪಂಪಿನ ಬೇರಿಂಗ್ ಮೇಲೆ ಬೀಳುತ್ತದೆ. ಹೊಸ ಬೆಲ್ಟ್ ಮೊದಲ ದಿನಗಳಲ್ಲಿ ಸ್ವಲ್ಪ ಸಡಿಲಾಗುತ್ತದೆ. ಬೆಳಗಾವಿಯಿಂದ ವಿಜಯಪುರಕ್ಕೆ ಒಮ್ಮೆ ಹೋಗಿ ಬರುವಷ್ಟು ಓಡಿದ ಮೇಲೆ, ಎಂಜಿನ್ ತಣ್ಣಗಾದಾಗ, ಅದೇ ಜಾಗದಲ್ಲಿ ಮತ್ತೆ ಒತ್ತಿ ಅಳೆದು, ಬೇಕಿದ್ದರೆ ಒಂದಿಷ್ಟು ಎಳೆದು ಬೋಲ್ಟ್ ಬಿಗಿಯಿರಿ.